ತೋರಿಸುತ್ತೇನೆಂದ ಎಳೆ

ಮಾಗಿಯ ಚಳಿಗೆ ಶಿಡ್ಲಘಟ್ಟಕ್ಕೆ ರೇಷ್ಮೆಗೂಡಿನ ಗಾಡಿಗಳು ತಡವಾಗಿ ಬರುತ್ತಿದ್ದವು. ಅಲ್ಲಿನ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ವೈದ್ಯನಾದ ನಾನು ಗಂಗುಲಮ್ಮನವರ ಕುತ್ತಿಗೆಗೆ ಜೆಲ್ ಹಚ್ಚಿ, ಸ್ಕ್ಯಾನಿಂಗ್ ಪರದೆಯಲ್ಲಿ ರಕ್ತನಾಳ ನೋಡುತ್ತಾ ನಳಿಕೆ ಇಳಿಸುತ್ತಿದ್ದೆ.

"ಹಚ್ಚಿದ್ದು ಎಷ್ಟು ತಣ್ಣಗೈತೆ. ಎಳೆ ಸಿಕ್ತೇನಪ್ಪಾ?" ಮುಖ ಮುಚ್ಚಿದ ಹಸಿರು ಬಟ್ಟೆಯೊಳಗಿಂದ ಕೇಳಿದರು. "ಜನ್ಮವೆಲ್ಲಾ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕ್ದೆ. ನನ್ನೊಳಗಿನದು ನಂಗೂ ತೋರ್ಸು."

"ಅಲ್ಲಾಡಬೇಡಮ್ಮ. ಮುಗಿದ ಮೇಲೆ ತೋರಿಸ್ತೀನಿ."

ನಳಿಕೆ ಸರಿಯಾಗಿಯೇ ಕೂತಿತು. ಅಷ್ಟರಲ್ಲಿ ಇನ್ನೊಬ್ಬ ರೋಗಿ ಕರೆದರು, ತೋರಿಸದೆಯೇ ಹೋದೆ. ಸಂಜೆ ಎದೆನೋವು ಬಂದು ಅವರು ತೀರಿಕೊಂಡರು.

ಮರುದಿನ ಬೆಳಗ್ಗೆ ಪರದೆ ಅವರ ಖಾಲಿ ಮಂಚದ ಕಡೆ ತಿರುಗಿತ್ತು. ಜೆಲ್ ಬಾಟಲಿ ಬಿಸಿಯಾಗಿತ್ತು, ಬೇಯಿಸಿದ ಗೂಡಿನ ವಾಸನೆ ಬರುತ್ತಿತ್ತು.

ಈಗ ದಿನಾ ಕೆಲಸಕ್ಕೆ ಮೊದಲು ನನ್ನ ಕುತ್ತಿಗೆಯ ನಾಳವನ್ನೇ ಪರದೆಯಲ್ಲಿ ಆ ಮಂಚಕ್ಕೆ ತೋರಿಸುತ್ತೇನೆ. ಆದರೆ ಅವರು ಕೇಳಿದ್ದು ತಮ್ಮದನ್ನು. ಜೆಲ್ ಇನ್ನೂ ತಣ್ಣಗಾಗಿಲ್ಲ.