ಮೂಳೆಗೆ ತಾಗಿದ ಗುಂಡು

ಗಾಯಗೊಂಡ ಮೂಸ್ ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಸ್ವೀಡನ್ನಿನ ಬೇಟೆ ತಂಡಗಳಲ್ಲಿ ಈ ವಿಷಯ ಬಹಳ ಕಟ್ಟುನಿಟ್ಟು. ಕುದುರೆಗಿಂತ ಎತ್ತರದ, ಜಿಂಕೆ ಜಾತಿಯ ಆ ಪ್ರಾಣಿಗೆ ತನಗೆ ಗೊತ್ತುಮಾಡಿದ್ದ ಬಂಡೆಯ ಹತ್ತಿರ ನಿಂತು ಗುಂಡು ಹೊಡೆದವನು ರಿಜ್ವಾನ್, ಲಿಂಕೋಪಿಂಗ್‌ನಲ್ಲಿ ವಿಮಾನದ ರೆಕ್ಕೆಗಳ ವಿನ್ಯಾಸದ ಲೆಕ್ಕ ಹಾಕುವ ಇಂಜಿನಿಯರ್. ತಂಡದಲ್ಲಿ ಇದು ಅವನ ಮೊದಲ ಹಂಗಾಮು. ಮೂಸ್ ಎಲ್ಲೋ ನರಳಿ ಸತ್ತರೆ ಇದೇ ಕೊನೆಯದೂ ಆಗುತ್ತಿತ್ತು.

"ಭುಜಕ್ಕೇ ಬಿದ್ದಿದೆ," ಎಂದ ರಿಜ್ವಾನ್.

ತಂಡದ ಮುಖ್ಯಸ್ಥೆ ಉಲ್ಲಾ ಪಾಚಿಯ ಮೇಲಿಂದ ಮೂಳೆಯ ಚೂರೊಂದನ್ನು ಎತ್ತಿದರು. "ಬಿದ್ದಿದೆ. ಒಳಗೆ ಹೋಗಿಲ್ಲ."

ಯಾಕೆಂದು ಲಾವಣ್ಯಾಗೆ ಗೊತ್ತಿತ್ತು. ರಿಜ್ವಾನ್‌ನ ಆಫೀಸಿನವಳೂ ಬೇಟೆಯ ಜೊತೆಗಾತಿಯೂ ಆದ ಅವಳು ಬೇಸಿಗೆಯಲ್ಲಿ ಒದ್ದೆ ಪೇಪರ್ ಕಟ್ಟುಗಳ ನಡುವೆ ದನದ ಮೂಳೆ ಇಟ್ಟು ಗುಂಡುಗಳನ್ನು ಪರೀಕ್ಷಿಸಿದ್ದಳು. ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದ ಗುಂಡು ಮೂಳೆ ಒಡೆದು, ಅಣಬೆಯಂತೆ ಅರಳಿ, ಚೂರಾಗದೆ ಮುಂದೆ ಸಾಗಿತ್ತು. ರಿಜ್ವಾನ್ ನಕ್ಕು, ಗುರಿಹಲಗೆಯ ಮೇಲೆ ಒತ್ತೊತ್ತಾಗಿ ಬೀಳುವ ಹಗುರ ಗುಂಡನ್ನೇ ಆರಿಸಿದ್ದ. ಗುರಿ ಎಷ್ಟು ನಿಖರವೆಂದು ತೋರಿಸಲು ಅವನು ಹಾಕಿದ್ದ ಗ್ರಾಫ್ ಚೆನ್ನಾಗಿತ್ತು. ಗ್ರಾಫಿನಲ್ಲಿ ಮೂಳೆ ಇರಲಿಲ್ಲ.

"ಹೇಳು, ಬೈದ್ಬಿಡು," ಎಂದ.

"ಆಮೇಲೆ ಬೈತೀನಿ. ಈಗ ನನ್ ಬೆಸೆದ ಗುಂಡಿನ ಕಾರ್ಟ್ರಿಜ್ ತಗೋ. ನಮ್ಮಿಬ್ರ ಬಂದೂಕಿನ ಅಳತೆ ಒಂದೇ ಅಲ್ವಾ."

"ನನ್ ಸ್ಕೋಪ್ ಈ ಗುಂಡಿಗೆ ಸೆಟ್ ಆಗಿಲ್ವಲ್ಲೇ, ದೂರದಿಂದ ಗುರಿ ತಪ್ಪುತ್ತೆ."

"ಹಾಗಿದ್ರೆ ತುಂಬಾ ಹತ್ತಿರ ಹೋಗ್ಬೇಕು," ಎಂದಳು. ಅವರ ಕನ್ನಡ ಅರ್ಥವಾಗದ ಉಲ್ಲಾ ಇಂಗ್ಲಿಷಿನಲ್ಲಿ ವಿಷಯ ಕೇಳಿ ತಿಳಿದು, ಒಪ್ಪಿ ತಲೆಯಾಡಿಸಿ, ವಾಸನೆ ಹಿಡಿಯಲು ತಂದಿದ್ದ ಬೇಟೆನಾಯಿಯ ಹಗ್ಗ ಸಡಿಲಿಸಿದರು.

ಸ್ಪ್ರೂಸ್ ಮರಗಳು ಮುಗಿದಲ್ಲಿ ಜೌಗು ಶುರುವಾಯಿತು. ಕೆಂಪಗೆ ಮಾಗಿದ ಲಿಂಗೊನ್ ಹಣ್ಣು, ಕಾಲಿಟ್ಟರೆ ಮೊಣಕಾಲವರೆಗೆ ಎಳೆಯುವ ಪಾಚಿ, ಆಚೆ ಬಣ್ಣವಿಲ್ಲದ ಒಂದು ಕೆರೆ. ರಕ್ತ ಇಲ್ಲೊಂದು ಹನಿ, ಅಲ್ಲೊಂದು ಹನಿ. ರಿಜ್ವಾನ್‌ಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ನಾಯಿ ನಿಂತಿತು.

ಕುರುಚಲು ಬರ್ಚ್ ಗಿಡಗಳ ನಡುವಿನಿಂದ ಮೂಸ್ ಎದ್ದಿತು. ಮುಂಗಾಲೊಂದು ಜೋತಾಡುತ್ತಿತ್ತು. ಕಿವಿ ಹಿಂದಕ್ಕೆ ಮಡಚಿ ನೇರ ಇವರತ್ತಲೇ ನುಗ್ಗಿತು.

"ತಾಳು," ಎಂದರು ಉಲ್ಲಾ.

ನಾಯಿ ಅಡ್ಡ ಹಾರಿ ಬೊಗಳಿತು. ಮೂಸ್ ಅದರತ್ತ ತಿರುಗಿತು. ಪಕ್ಕೆ ಕಂಡಿತು.

ರಿಜ್ವಾನ್ ಹೊಡೆದ. ಎರಡು ಹೆಜ್ಜೆ ಇಟ್ಟು ಪ್ರಾಣಿ ಕುಸಿಯಿತು.

ತಂಡದ ಉಳಿದವರನ್ನೂ ಕರೆಸಿ ಅದನ್ನು ಜೌಗಿನಿಂದ ಎಳೆದು ತರುವಷ್ಟರಲ್ಲಿ ಎಲ್ಲರೂ ಹೈರಾಣಾದರು. ತಂಡದ ಕೊಟ್ಟಿಗೆಯಲ್ಲಿ ಚರ್ಮ ಸುಲಿದಾಗ ಭುಜದ ಮೂಳೆಯ ಮೇಲೆ ಮೊದಲ ಗುಂಡಿನ ಚೂರುಗಳು ಸಿಕ್ಕವು. ಎರಡನೆಯದು ಪಕ್ಕೆಲುಬು, ಶ್ವಾಸಕೋಶ ದಾಟಿ ಆಚೆ ಬದಿಯ ಚರ್ಮದಡಿ ಅರಳಿ ಕೂತಿತ್ತು. ಉಲ್ಲಾ ಎರಡನ್ನೂ ತೊಳೆದು ಅವನ ಅಂಗೈಗೆ ಹಾಕಿದರು.

"ನಾಳೆ ಅದೇ ಬಂಡೆ ಹತ್ತಿರ ನಿಲ್ತೀಯಾ?"

ರಿಜ್ವಾನ್ ಅರಳಿದ ಗುಂಡನ್ನು ಎತ್ತಿ ಹಿಡಿದ. "ನಾಳೆ ಬೇಡ. ಮೊದ್ಲು ಈ ಗುಂಡಿಗೆ ಸ್ಕೋಪ್ ಸೆಟ್ ಮಾಡ್ಕೋತೀನಿ."

ಉಲ್ಲಾ ಮೊದಲ ಬಾರಿ ನಕ್ಕರು. "ಹಾಗಾದರೆ ಮುಂದಿನ ಶನಿವಾರ. ಬಂಡೆ ನಿನಗೇ ಇರುತ್ತೆ."

"ಶುಕ್ರವಾರ ನಾನು ಮೂಳೆ ತರ್ತೀನಿ," ಎಂದಳು ಲಾವಣ್ಯಾ. "ಪೇಪರ್ ನೀನು ನೆನೆಸು."