ಕಾಣೆಯಾದ ಮೂರು ಕಾರಣ

"ನನ್ನ ನಾಲ್ಕು ಸಾಲು ಕಿತ್ತು ಹಾಕಿದ್ದು ನೀವೇನಾ?"

ಬಿಡುವಿನಲ್ಲಿ ತಂತ್ರಾಂಶ ಬರೆಯುವವರು ಸಭೆ ಸೇರಿದ್ದ ರಾಜಾಜಿನಗರದ ಶಾಲೆಯೊಂದರ ಕೋಣೆಯಲ್ಲಿ ಆ ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯಾನು ನಿಂತ ಹೊತ್ತಿಗೇ ಸರಿಯಾಗಿ ಬಂದ ಈ ಪ್ರಶ್ನೆ ಎಲ್ಲರ ಕಿವಿಗೂ ಬಿತ್ತು. ಹದಿನೈದು ತಲೆಗಳು ಒಟ್ಟಿಗೆ ತಿರುಗಿದವು.

ಕೇಳಿದವಳು ನೀಲಾಂಬಿಕಾ. ಕೇಳಿಸಿಕೊಂಡವನು ಫಕೀರೇಶ. ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಹೆಸರುಗಳಿಗೆ ಮಾತ್ರ ಒಂದು ವರ್ಷದ ಪರಿಚಯ.

ಅವನು ಟೀ ಲೋಟವನ್ನು ಬೆಂಚಿನ ಮೇಲಿಟ್ಟ.

"ಹೌದ್ರಿ, ನಾನೇ ತಗದದ್ದು. ನೀವು ನೀಲಾಂಬಿಕಾ ಅವರೇನ್ರಿ?"

"ಒಂದು ಕಾರಣ ಬರೆಯೋಕೂ ಪುರುಸೊತ್ತಿರ್ಲಿಲ್ವಾ ನಿಮಗೆ?"

"ಬರದಿದ್ನಲ್ರಿ. ಒಂದಲ್ಲ, ಮೂರು."

"ಮೂರು ಸಲ ಓದಿದೀನಿ ಸಾರ್. ‘ವಾಪಸ್ ತೆಗೆದಿದೆ’ ಅನ್ನೋ ತಲೆಬರಹ ಬಿಟ್ರೆ ಒಂದಕ್ಷರ ಇಲ್ಲ."

"ಐತ್ರಿ. ನೀವು ಸರಿಯಾಗಿ ನೋಡಿಲ್ಲ."

ಸರಿಯಾಗಿ ನೋಡಿಲ್ಲವಂತೆ... ಜಗಳವಾಡಬೇಕೆಂದೇ ಅವಳು ಎರಡು ಬಸ್ಸು ಬದಲಿಸಿ ಬಂದಿದ್ದಳು. ಈಗ ನೋಡಿದರೆ ಜಗಳಕ್ಕೂ ತ್ರಾಣವಿಲ್ಲ. ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಹಿಂದಿನಿಂದ ಅವನು ಏನೋ ಕೂಗಿದ. ಅವಳು ನಿಲ್ಲಲಿಲ್ಲ.

ಆ ನಾಲ್ಕು ಸಾಲು ಯಾವುದೆಂದು ಹೇಳಬೇಕು. ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಒಳಗಿನ ಕೆಲಸಗಳಲ್ಲಿ ಯಾವುದು ಮೊದಲು ಏಳಬೇಕು, ಯಾವುದು ಆಮೇಲೆ ಎಂದು ಒಂದೊಂದನ್ನೇ ಎಬ್ಬಿಸುವ ತಂತ್ರಾಂಶವೊಂದಿತ್ತು. ಹೆಸರು ‘ಸರದಿ’. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರುಗಳಿಗೆಂದು ಹತ್ತಾರು ಜನ ಬಿಡುವಿನಲ್ಲಿ ಕೂತು ಬರೆದದ್ದು. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಪ್ರತಿ ತಿದ್ದುಪಡಿಯ ಜೊತೆಗೂ ಯಾರು ಮಾಡಿದರು, ಏಕೆ ಮಾಡಿದರು ಎಂದು ದಾಖಲೆಯಲ್ಲಿ ಬರೆದಿಡುವುದು ಅಲ್ಲಿನ ಪದ್ಧತಿ. ಕೆಂಗೇರಿ ಉಪನಗರದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಫಕೀರೇಶ ಆ ದಾಖಲೆಯ ಉಸ್ತುವಾರಿ ಹೊತ್ತಿದ್ದ.

ನೀಲಾಂಬಿಕಾ ವಿಜಯನಗರದಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರದಲ್ಲಿದ್ದಳು. ಅಲ್ಲಿದ್ದದ್ದು ಯಾರೋ ದಾನ ಕೊಟ್ಟ ಹನ್ನೆರಡು ಹಳೆಯ ಯಂತ್ರಗಳು. ತೆರೆಯ ಮೇಲಿರುವುದನ್ನು ಅವು ಗಟ್ಟಿಯಾಗಿ ಓದಿ ಹೇಳಬೇಕು. ಆದರೆ ಧ್ವನಿಯ ಕಾರ್ಡು ಏಳುವ ಮೊದಲೇ ಓದುವ ತಂತ್ರಾಂಶ ಎದ್ದುಬಿಟ್ಟರೆ ಆ ದಿನವೆಲ್ಲ ಯಂತ್ರ ಮೂಕ. ಅದರ ಮುಂದೆ ಕೂತ ಹುಡುಗಿಗೆ ತಪ್ಪು ತನ್ನದೋ ಯಂತ್ರದ್ದೋ ಗೊತ್ತಾಗುವುದಿಲ್ಲ. ಸುಮ್ಮನೆ ಕೈ ಮಡಿಲಲ್ಲಿಟ್ಟು ಕೂತಿರುತ್ತಾಳೆ.

ಅದನ್ನು ನೋಡಲಾಗದೆ ಸರದಿಯವರಿಗೆ ಆಗಾಗ ಇಮೇಲ್ ಬರೆಯುತ್ತಿದ್ದ ನೀಲಾಂಬಿಕಾ, ಕೊನೆಗೆ ತಾನೇ ನಾಲ್ಕು ಸಾಲು ಬರೆದು ಕಳಿಸಿದ್ದಳು. ಓದುವ ತಂತ್ರಾಂಶ ಏಳುವ ಮೊದಲು ಹತ್ತು ಸೆಕೆಂಡು ಕಾಯಬೇಕು, ಅಷ್ಟೇ. ಸಾಲುಗಳು ಸರದಿಯಲ್ಲಿ ಸೇರಿದ ದಿನ ದಾಖಲೆಯಲ್ಲಿ ತನ್ನ ಹೆಸರನ್ನು ನಾಲ್ಕೈದು ಬಾರಿ ತೆರೆದು ನೋಡಿದ್ದಳು.

ಒಂದು ತಿಂಗಳಿಗೇ ತೆಗೆದುಹಾಕಿದರು. ಕಾರಣವಿಲ್ಲ. ಹೊಸ ಆವೃತ್ತಿ ಹಾಕಿದ ದಿನ ಕೇಂದ್ರದ ಐದು ಯಂತ್ರಗಳು ಮತ್ತೆ ಮೂಕವಾದವು.

ನಗರದಂಚಿನ ಉಲ್ಲಾಳದ ಮನೆಗೆ ಹೋಗುವ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಕಣ್ಣು ಮುಚ್ಚಿದಳು.

ಅವಳಿಗಾಗ ಮೂವತ್ತೊಂದು. ನೋಡಿ ಹೋದ ಗಂಡುಗಳು ಮೂರು. ಮೂವರ ಮನೆಯವರೂ ಉಪ್ಪಿಟ್ಟು ತಿಂದು, ‘ತಿಳಿಸ್ತೀವಿ’ ಎಂದು ಹೋದವರು ಏನೂ ತಿಳಿಸಲಿಲ್ಲ. ಬಣ್ಣವೋ, ವಯಸ್ಸೋ, ಅಪ್ಪ ಇಲ್ಲದ ಮನೆಯೆಂದೋ... ಒಂದು ಮಾತು ಹೇಳಿದ್ದರೆ ಅವಳು ಒಂದು ದಿನ ಅತ್ತು ಎದ್ದು ಬಿಡುತ್ತಿದ್ದಳು. ಹೇಳದೆ ಹೋದದ್ದಕ್ಕೆ ವರ್ಷಗಟ್ಟಲೆ ತನ್ನಲ್ಲೇ ತಪ್ಪು ಹುಡುಕುತ್ತ ಕೂತಳು.

ದಾಖಲೆಯಲ್ಲಾದರೂ ಹಾಗಾಗುವುದಿಲ್ಲ ಎಂದುಕೊಂಡಿದ್ದಳು. ಅಲ್ಲಿ ಕಾರಣ ಬರೆದೇ ತೆಗೆಯುತ್ತಾರೆ ಎಂದು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಇದ್ದರು. "ನೀಲಾ, ಬರೋ ಭಾನುವಾರದ ಆಚೆ ಭಾನುವಾರ ಚಿತ್ರದುರ್ಗದವರು ನಿನ್ನ ನೋಡೋಕೆ ಬರ್ತಾರಂತೆ ಕಣೇ. ಆಗ್ಲಿ ಅನ್ಲಾ?"

"ಹೂಂ. ಬರ್ಲಿ ಬಿಡಮ್ಮ."

ಬೇಡವೆನ್ನಲೂ ಶಕ್ತಿ ಬೇಕಲ್ಲ.

* * *

ಮಂಗಳವಾರ ಮಧ್ಯಾಹ್ನ ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಚ್ಚುವ ಸದ್ದಾಯಿತು.

ಬ್ರೈಲ್ ಕಲಿಸುವ ಬೋರಮ್ಮ ಹುಟ್ಟಾ ಕಣ್ಣು ಕಾಣದವರು, ಕಿವಿ ಮಾತ್ರ ಬಲು ಚುರುಕು. "ಯಾರೋ ಗಂಡಸ್ರು. ಹೊಸ ಚಪ್ಲಿ, ಹಳೇ ನಡಿಗೆ. ಯಾರು ಬೇಕಪ್ಪ?" ಎಂದರು.

"ನೀಲಾಂಬಿಕಾ ಅವರು ಬೇಕ್ರಿ."

ಕಂಪ್ಯೂಟರಿನ ಹಿಂದಿನಿಂದ ನೀಲಾಂಬಿಕಾ ತಲೆ ಎತ್ತಿದಳು. ಫಕೀರೇಶ ಒಂದು ಉದ್ದ ನೋಟ್‌ಬುಕ್ಕನ್ನು ಎದೆಗೊತ್ತಿ ಹಿಡಿದು ನಿಂತಿದ್ದ.

"ನೀವು ಹೇಳಿದ್ದು ಖರೇ ಐತ್ರಿ. ಮನೀಗೆ ಹೋಗಿ ದಾಖಲೆ ತೆಗದು ನೋಡಿದೆ. ತಲೆಬರಹ ಅಷ್ಟೇ ಐತಿ. ನಾ ಬರದದ್ದು ಎಲ್ಲಿ ಹೋತೋ ಗೊತ್ತಿಲ್ರಿ." ಅವನು ನೋಟ್‌ಬುಕ್ ಚಾಚಿದ. "ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಏನ ಬರದ್ರೂ ಮೊದ್ಲು ಇದರಾಗ ಕನ್ನಡದಾಗ ಬರಕೋತೀನಿ. ನೋಡ್ರಿ."

ಪುಟದ ಕೊನೆಯಲ್ಲಿ ಪೆನ್ಸಿಲ್ಲಿನ ಅಕ್ಷರಗಳು. ಒಂದು: ಧ್ವನಿಯೇ ಇಲ್ಲದ ಯಂತ್ರಗಳೂ ಸುಮ್ಮನೆ ಹತ್ತು ಸೆಕೆಂಡು ಕಾಯುತ್ತಿವೆ. ಎರಡು: ತೀರಾ ಹಳೆಯ ಯಂತ್ರಕ್ಕೆ ಹತ್ತೂ ಸಾಲುವುದಿಲ್ಲ.

ಅವಳು ಅಲ್ಲಿಗೇ ಪುಸ್ತಕ ಮುಚ್ಚಿ ವಾಪಸ್ ಕೊಟ್ಟಳು.

"ಇದನ್ನ ನಿನ್ನೆ ಕೂತು ಬರೆದಿರಬಹುದಲ್ವಾ ಸಾರ್?"

ಅವನ ಮುಖ ಸಣ್ಣದಾಯಿತು. "ಇರಲಿ ಬಿಡ್ರಿ. ನಂಬ್ರಿ ಅಂತ ಹ್ಯಾಂಗ ಹೇಳ್ಲಿ? ಯಂತ್ರ ತೋರಸ್ರಿ. ನಾ ಕೆಡಸಿದ್ದು ನಾನೇ ನೋಡ್ತೀನಿ."

"ಕೂತ್ಕೊಳಪ್ಪ," ಎಂದರು ಬೋರಮ್ಮ. "ನಮ್ ಐದ್ ಮಿಶನ್ನು ಮೌನವ್ರತ ಹಿಡಿದವೆ. ನಮ್ ನೀಲಾನೂ ಭಾನುವಾರದಿಂದ ಹಂಗೇ ಇದಾಳೆ. ಯಾರನ್ನ ಮೊದ್ಲು ಮಾತಾಡಿಸ್ತೀಯೋ ನೋಡು."

ಅವನು ಮೂರು ಮಧ್ಯಾಹ್ನ ಬಂದ. ಪ್ರತಿ ಯಂತ್ರವನ್ನೂ ಮತ್ತೆ ಮತ್ತೆ ಆರಿಸಿ ಹೊತ್ತಿಸಿ, ಧ್ವನಿಯ ಕಾರ್ಡು ಏಳಲು ಎಷ್ಟು ಹೊತ್ತಾಗುತ್ತದೆಂದು ಕೈಗಡಿಯಾರ ನೋಡಿ ಹೇಳಿದ. ಅವಳು ಬರೆದುಕೊಂಡಳು. ಒಂದಕ್ಕೆ ಮೂರು ಸೆಕೆಂಡು. ಇನ್ನೊಂದಕ್ಕೆ ಎಂಟು. ಗೋಡೆ ಪಕ್ಕದ ಯಂತ್ರಕ್ಕೆ ಹದಿನೇಳು.

ಹದಿನೇಳು ಎಂದು ಬರೆಯುವಾಗ ಅವಳ ಪೆನ್ನು ನಿಂತಿತು. ತನ್ನ ನಾಲ್ಕು ಸಾಲು ಇದ್ದಾಗಲೂ ಆ ಯಂತ್ರ ಆಗಾಗ ಮೂಕವಾಗುತ್ತಿತ್ತು. ವಯಸ್ಸಾಯಿತು ಎಂದು ಬಿಟ್ಟಿದ್ದಳು.

‘ಹಾಗಾದರೆ ಅವನು ತೆಗೆದದ್ದು ಸರಿಯೇ...’

ಸರಿ ಎಂದು ಗೊತ್ತಾದರೂ ನೋವು ಇಳಿಯಲಿಲ್ಲ. ತೆಗೆದದ್ದಕ್ಕಲ್ಲವಲ್ಲ ನೋವು.

"ಹದಿನೆಂಟು ಅಂತ ಇಟ್ರೆ?" ಕೇಳಿದಳು, ಅವನ ಕಡೆ ನೋಡದೆ.

"ನಾಳೆ ಇಪ್ಪತ್ತು ಬೇಡೋ ಯಂತ್ರ ಬರ್ತೈತ್ರಿ. ಇಷ್ಟು ಹೊತ್ತು ಅಂತ ಎಣಸೋದೇ ತಪ್ಪು. ಕಾರ್ಡು ಎದ್ದ ಕೂಡ್ಲೆ ತಾನೇ ‘ಇದೀನಿ’ ಅಂತ ಒಂದು ಸುದ್ದಿ ಕಳಿಸ್ತೈತಿ. ನಾವು ಆ ಸುದ್ದಿಗೆ ಕಾಯಬೇಕು. ಬ್ಯಾಗ ಬಂದ್ರ ಬ್ಯಾಗ, ತಡಾ ಆದ್ರ ತಡಾ."

ಇಬ್ಬರೂ ಅಕ್ಕಪಕ್ಕ ಕೂತು ಬರೆದರು. ಅವಳು ಬರೆದದ್ದನ್ನು ಅವನು ಓದಿದ, ಅವನು ಬರೆದದ್ದನ್ನು ಅವಳು ಅಳಿಸಿದಳು. ಅಳಿಸುವಾಗಲೆಲ್ಲ ಏಕೆಂದು ಬಾಯಿಬಿಟ್ಟು ಹೇಳಿದಳು. ಅವನು ಪ್ರತಿ ಸಲವೂ "ಹೌದ್ರಿ" ಎಂದ.

ಗುರುವಾರ ಸಂಜೆ ನಾಲ್ಕಕ್ಕೆ ಹನ್ನೆರಡು ಯಂತ್ರಗಳನ್ನೂ ಒಟ್ಟಿಗೆ ಹೊತ್ತಿಸಿದರು. ಒಂದು ಮಾತಾಡಿತು. ಆಮೇಲೆ ಎರಡು, ನಾಲ್ಕು... ಗೋಡೆ ಪಕ್ಕದ್ದು ಎಲ್ಲಕ್ಕಿಂತ ಕೊನೆಗೆ ತನ್ನ ಒಡಕು ದನಿಯಲ್ಲಿ ಸ್ವಾಗತ ಹೇಳಿತು. ಮಡಿಲಲ್ಲಿದ್ದ ಕೈಗಳೆಲ್ಲ ಕೀಲಿಮಣೆಗೆ ಬಂದವು.

ಬೋರಮ್ಮ ಕಿವಿಗೊಟ್ಟು ಎಣಿಸುತ್ತಿದ್ದರು. "ಹನ್ನೆರಡೂ ಬಂದ್ವು. ಇನ್ನೊಬ್ಳು ಬಾಕಿ."

"ಬೋರಮ್ಮ, ಸುಮ್ನಿರಿ," ಎಂದಳು ನೀಲಾಂಬಿಕಾ.

ಹುಡುಗಿಯರು ಹೋದ ಮೇಲೆ ಅವನು ಕುರ್ಚಿ ಬಿಟ್ಟು ಎದ್ದ. "ದಾಖಲೆಗೆ ನೀವೇ ಸೇರಸ್ರಿ, ನಿಮ್ಮ ಹೆಸರಿನಾಗ. ಈ ತಿದ್ದುಪಡಿಗೂ ಕಾರಣ ಮೂರು ಅದಾವು. ಹ್ಯಾಶ್ ಗುರ್ತು ಹಾಕಿ ಒಂದು, ಎರಡು, ಮೂರು ಅಂತ ಬರೀರಿ. ಓದೋರಿಗೆ ಸುಲಭ."

ಅವಳು ತಲೆಬರಹ ಹಾಕಿ, ಕೆಳಗೆ ಪ್ರತಿ ಸಾಲಿನ ಮೊದಲಿಗೆ ಹ್ಯಾಶ್ ಗುರುತು (#) ಹಾಕಿ ಮೂರು ಕಾರಣ ಬರೆದು ಉಳಿಸಿದಳು. ಸರಿಯಾಗಿ ಬಂತೇ ಎಂದು ದಾಖಲೆ ತೆರೆದಳು.

ತಲೆಬರಹ ಮಾತ್ರ ಇತ್ತು.

ಕೈ ತಪ್ಪಿರಬೇಕೆಂದು ಮತ್ತೆ ಬರೆದಳು. ಮತ್ತೆ ತಲೆಬರಹ ಮಾತ್ರ.

ಮೂರನೆಯ ಸಲ ಬರೆಯುವ ಕಿಟಕಿ ತೆರೆದು, ಅದರ ತಳದಲ್ಲಿ ಯಂತ್ರವೇ ಸಣ್ಣದಾಗಿ ಹಾಕಿಡುವ ಸೂಚನೆಯನ್ನು ಬೆರಳಿಟ್ಟು ಓದಿದಳು. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳನ್ನು ದಾಖಲೆಗೆ ಸೇರಿಸುವುದಿಲ್ಲ ಎಂದಿತ್ತು. ದಿನವೂ ಕಣ್ಣಿಗೆ ಬೀಳುವ ಸಾಲು. ದಿನವೂ ಬೀಳುತ್ತದೆಂದೇ ಯಾರೂ ಓದದ ಸಾಲು.

ಅವಳು ಅವನ ಕಡೆ ತಿರುಗಿದಳು.

"ಸಾರ್... ನೀವು ಯಾವಾಗ್ಲೂ ಹೀಗೇ ಹ್ಯಾಶ್ ಹಾಕಿ ಬರೀತೀರಾ?"

"ಇಲ್ರಿ. ಒಂದೇ ಕಾರಣ ಇದ್ರ ಹಂಗೇ ಬರೀತೀನಿ. ನಿಮ್ಮದಕ್ಕ ಮೂರಿದ್ವು, ಅದಕ್ಕ..."

ಅವನೂ ತೆರೆ ನೋಡಿದ. ಆ ಸಣ್ಣ ಸಾಲನ್ನು ತಾನೂ ಬೆರಳಿಟ್ಟು ಓದಿದ.

"ಹತ್ತು ವರ್ಷ ಆತ್ರಿ ಈ ಕೆಲಸಕ್ಕ," ಎಂದ ಅವನು ಮೆಲ್ಲಗೆ. "ಇದನ್ನ ಒಮ್ಮಿಯೂ ಓದಿಲ್ಲ."

"ಪುಸ್ತಕ ಕೊಡಿ."

ಅವನು ಅನುಮಾನಿಸಿದ. ಅವಳೇ ಕೈಚಾಚಿ ತೆಗೆದುಕೊಂಡಳು. ಮಂಗಳವಾರ ಎರಡನೆಯ ಕಾರಣಕ್ಕೇ ಮುಚ್ಚಿಬಿಟ್ಟಿದ್ದಳು. ಮೂರನೆಯದು ಹಾಳೆಯ ಹಿಂಬದಿಗಿತ್ತು.

‘ಈ ದೋಷವನ್ನು ಮೊದಲು ಕಂಡವರು ನೀಲಾಂಬಿಕಾ. ಅವರು ಕಂಡದ್ದು ಸರಿ. ಸಾಲು ತೆಗೆಯಲು ಮನಸ್ಸಿಲ್ಲ, ತೆಗೆಯದೆ ದಾರಿಯಿಲ್ಲ. ಅವರ ಜೊತೆ ಕೂತು ಮಾಡಿದರೆ ಸರಿಹೋದೀತು. ಉತ್ತರಕ್ಕೆ ಕಾಯುತ್ತೇನೆ.’

ಅದರ ಕೆಳಗೆ ಬೇರೆ ಬೇರೆ ತಾರೀಖುಗಳು, ಬೇರೆ ಬೇರೆ ಪೆನ್ನುಗಳು. ಜೂನ್ ಎಂಟು, ಉತ್ತರ ಇಲ್ಲ. ಜೂನ್ ಹದಿನೈದು, ಇಲ್ಲ. ಇಪ್ಪತ್ತೆರಡು, ಇಲ್ಲ. ಕೊನೆಯದು: ‘ಸಿಟ್ಟಾಗಿದ್ದಾರೋ ಏನೋ. ಮತ್ತೆ ಕೇಳಿ ತೊಂದರೆ ಕೊಡುವುದು ಬೇಡ.’

ಅಕ್ಷರಗಳು ಕಲಸಿಕೊಂಡವು. ಇಷ್ಟು ದಿನ ಕಾರಣ ಕಾಣದೆ ಅವಳು ನೊಂದಂತೆಯೇ, ಇಲ್ಲೊಬ್ಬ ಉತ್ತರ ಕಾಣದೆ ನೊಂದಿದ್ದ.

"ಬಾಯಿಬಿಟ್ಟು ಒಂದು ಮಾತು ಕೇಳಬಹುದಿತ್ತಲ್ಲ ನೀವು," ಎಂದಳು.

"ನೀವೂ ಕೇಳಬಹುದಿತ್ತಲ್ರಿ."

ಮೂಲೆಯಲ್ಲಿ ಬ್ರೈಲ್ ಹಾಳೆ ಜೋಡಿಸುತ್ತಿದ್ದ ಬೋರಮ್ಮ ಗಂಟಲು ಸರಿಮಾಡಿಕೊಂಡರು. "ನಂಗೆ ಕಣ್ ಕಾಣಲ್ಲ, ಕಿವಿ ಚೆನ್ನಾಗ್ ಕೇಳುತ್ತೆ. ನಾನ್ ಕಾಫಿಗೆ ಹೊರಟೆ ಕಣ್ರಪ್ಪ."

ಅವರ ಕೋಲಿನ ಸದ್ದು ದೂರವಾಗುವವರೆಗೆ ಫಕೀರೇಶ ತಲೆ ತಗ್ಗಿಸಿಯೇ ಇದ್ದ. ಆಮೇಲೆ ಹೇಳಿದ. "ಒಂದು ವರ್ಷದಿಂದ ನಿಮ್ಮ ಟಪಾಲು ಬಂದ್ರ ಮೊದ್ಲು ಅದನ್ನೇ ತೆಗೀತಿದ್ದೆ. ಬರದದ್ದು ಕಂಪ್ಯೂಟರ್ ಕೋಡೇ ಇರ್ಲಿ, ಆ ಹುಡುಗಿಯರ ಮ್ಯಾಲಿನ ಮಾಯೆ-ಮಮತೆ ಅದರಾಗ ಕಾಣತಿತ್ತು. ಮುಖ ಗೊತ್ತಿದ್ದಿಲ್ಲ. ಆದ್ರೂ ಈ ಜೀವದ ಜೋಡಿ ಇರಬೇಕು ಅನಸ್ತು... ಕಾರಣ ಇಷ್ಟೇ ಅದಾವ್ರಿ. ಈ ಸಲ ನಂಬರ್ ಹಾಕಿಲ್ಲ."

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣೀರೂ ಬಂತು.

ಹ್ಯಾಶ್ ಗುರುತುಗಳನ್ನು ಒಂದೊಂದಾಗಿ ಅಳಿಸಿ ಮತ್ತೆ ಉಳಿಸಿದಳು. ಈಗ ಮೂರು ಕಾರಣವೂ ದಾಖಲೆಯಲ್ಲಿ ನಿಂತವು. ನಾಲ್ಕನೆಯ ಸಾಲನ್ನು ಅವಳೇ ಸೇರಿಸಿದಳು: ‘ಜೊತೆಗೆ ಕೂತು ಮಾಡಿದವರು ಫಕೀರೇಶ.’

ಬಾಗಿಲು ಹಾಕಿ ಬಸ್‌ಸ್ಟಾಪಿಗೆ ನಡೆಯುವಾಗ ಮೊಬೈಲು ತೆಗೆದಳು.

"ಅಮ್ಮ, ಚಿತ್ರದುರ್ಗದವರ ನಂಬರ್ ಕೊಡು. ಬರೋದು ಬೇಡ ಅಂತ ಹೇಳ್ಬೇಕು."

"ಏನಾಯ್ತೇ ಈಗ? ನಾನೇ ಏನೋ ಒಂದು ನೆಪ ಹೇಳ್ತೀನಿ ಬಿಡು."

"ನೆಪ ಬೇಡಮ್ಮ. ಆ ಹುಡುಗ ತನ್ನಲ್ಲೇನು ತಪ್ಪಿತ್ತು ಅಂತ ಹುಡುಕ್ಕೊಂಡು ಕೂರೋದು ಬೇಡ. ಇರೋ ಕಾರಣ ನಾನೇ ಹೇಳ್ತೀನಿ. ಮನೆಗೆ ಬಂದು ನಿನಗೂ ಹೇಳ್ತೀನಿ."

ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ ಫಕೀರೇಶ ಎಲ್ಲವನ್ನೂ ಕೇಳಿಸಿಕೊಂಡ. ಆದರೂ ಕೇಳಿಸದವನಂತೆ ಅಂದ, "ನಿಮಗ ಭಾಳ ದಣಿವಾಗೇತ್ರಿ. ನನಗ ಉತ್ತರ ಇವತ್ತೇ ಬೇಕಂತಿಲ್ಲ."

"ಎಷ್ಟು ದಿನ ಕಾಯ್ತೀರಿ?"

"ದಿನ ಎಣಸಂಗಿಲ್ರಿ. ಸುದ್ದಿ ಬಂದ್ರ ಸಾಕು."

ಉಲ್ಲಾಳದ ಬಸ್ಸು ಬಂತು, ತುಂಬಿತ್ತು, ಹೋಯಿತು. ಅವಳು ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು, ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡು ಜಾಗ ಮಾಡಿದಳು. ಅವನು ಕೂತ.

"ಫಕೀರೇಶ್."

"ಏನ್ರಿ?"

"ಇದೀನಿ."