ಹೊನ್ನವ್ವ ಕಟ್ಟಿದ ಮೂರು ಪಾತ್ರಗಳು

ಬಹು ಕಾಲದ ಹಿಂದೆ ರತ್ನಮಂಡಲವೆಂಬ ರಾಜ್ಯದಲ್ಲಿ ಹೊನ್ನವ್ವ ಎಂಬ ಹಾಡುಗಾರ್ತಿ ಇದ್ದಳು. ನಲವತ್ತು ವರ್ಷ ಏಕತಾರಿ ಮೀಟುತ್ತ, ಕಣ್ಣು ಮುಚ್ಚಿ, ತನ್ನ ಆತ್ಮದ ಪದಗಳನ್ನೇ ಹಾಡಿದವಳು. ಅವಳು ಹಾಡಿದರೆ ಸಂತೆಯ ಗದ್ದಲವೂ ನಿಲ್ಲುತ್ತಿತ್ತು.

ಅವಳ ಒಬ್ಬಳೇ ಮಗಳು ಮಧುಲತೆಗೆ ನಾಟಕದ ಹುಚ್ಚು. "ಬಣ್ಣ ಹಚ್ಚಿಕೊಂಡು ಇನ್ನೊಬ್ಬರ ದುಃಖ ಹಾಡುವುದು ಸುಳ್ಳು. ನಾಟಕ ಬೇಕಾದರೆ ಈ ಮನೆ ಬಿಡು" ಎಂದು ಹೊನ್ನವ್ವ ಮಗಳನ್ನು ಹೊರಗೆ ಹಾಕಿದ್ದಳು. ಮಗಳು ನಾಟಕ ಮಂಡಳಿ ಸೇರಿದಳು. ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ.

ಆ ಮಂಡಳಿಯನ್ನು ಶುಷ್ಕಾಕ್ಷನೆಂಬ ಮಾಂತ್ರಿಕ ತನ್ನ ಕೋಟೆಗೆ ಕರೆಸಿದ. ಅವನು ಹುಟ್ಟಿದಂದಿನಿಂದ ಅತ್ತವನಲ್ಲ. "ನನ್ನ ಕಣ್ಣಲ್ಲಿ ಒಂದು ಹನಿ ತರಿಸಿ. ಆಗದಿದ್ದರೆ ಮರದ ಬೊಂಬೆಗಳಾಗುತ್ತೀರಿ" ಎಂದ. ಹನಿ ಬರಲಿಲ್ಲ. ಮೂವತ್ತು ಜನವೂ ಬೊಂಬೆಗಳಾದರು.

ಸುದ್ದಿ ಕೇಳಿದ ಹೊನ್ನವ್ವ ಹನ್ನೆರಡು ದಿನ ನಡೆದು ಕೋಟೆ ಮುಟ್ಟಿದಳು. ಸಭೆಯ ತುಂಬ ಹುಲಿ, ಕರಡಿಗಳು ಕೂತಿದ್ದವು. ಮಾಂತ್ರಿಕನನ್ನು ಎದುರಿಸಿ ಸೋತ ಮನುಷ್ಯರೇ ಹಾಗಾಗಿದ್ದರು. ರಂಗದ ಅಂಚಿನಲ್ಲಿ ಬೊಂಬೆಗಳ ಸಾಲು. ಮಧುಲತೆಯ ಬಾಯಿ ಹಾಡಿನ ನಡುವೆಯೇ ತೆರೆದು ನಿಂತಿತ್ತು. ಹೊನ್ನವ್ವ ಅವಳ ಕೆನ್ನೆ ಮುಟ್ಟಿದಳು. ಬರೀ ಮರ.

"ನಾನು ಪಾತ್ರ ಕಟ್ಟುತ್ತೇನೆ. ಗೆದ್ದರೆ ಇವರೆಲ್ಲರನ್ನೂ ಬಿಡಬೇಕು" ಎಂದಳು.

"ಮೂರು ಸಲ ನೋಡುತ್ತೇನೆ. ಮೊದಲು ಹದಿನಾರರ ಮದುಮಗಳಾಗು" ಎಂದ ಶುಷ್ಕಾಕ್ಷ.

ಹೊನ್ನವ್ವ ಜೀವಮಾನದಲ್ಲಿ ಮೊದಲ ಬಾರಿಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡಳು. ಅಭ್ಯಾಸದಂತೆ ಕಣ್ಣು ಮುಚ್ಚಿ ಹಾಡಿದಳು.

"ದನಿ ಚೆನ್ನಾಗಿದೆ, ಆದರೆ ಮದುಮಗಳು ಎಲ್ಲಿ? ಇಲ್ಲಿ ನೀನೊಬ್ಬಳೇ ಇದ್ದೀಯ" ಎಂದ ಮಾಂತ್ರಿಕ. ಅವಳ ಕಾಲು ಮೊಣಕಾಲಿನವರೆಗೆ ಮರವಾಯಿತು.

"ಈಗ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮುದಿ ರಾಜನಾಗು."

ಈ ಸಲ ಅವಳು ಕಣ್ಣು ತೆರೆದು ಹಾಡಿದಳು. ಎದುರಿಗೆ ಮಗನ ಹೆಣವೇ ಇದೆಯೆಂಬಂತೆ ನೋಡುತ್ತ ಹಾಡಿದಳು. ಕರಡಿಗಳು ಅತ್ತವು, ಹುಲಿಗಳು ಅತ್ತವು. ಶುಷ್ಕಾಕ್ಷನ ಕಣ್ಣು ಮಾತ್ರ ಒಣಗಿಯೇ ಇತ್ತು. ಹೊನ್ನವ್ವ ಸೊಂಟದವರೆಗೆ ಮರವಾದಳು.

"ಕೊನೆಯ ಪಾತ್ರ ನೀನೇ ಆರಿಸಿಕೋ" ಎಂದ ಅವನು.

ಹೊನ್ನವ್ವ ಮಗಳ ಬೊಂಬೆಯತ್ತ ತಿರುಗಿ ನೋಡಿದಳು. "ನನ್ನ ಮಗಳಾಗುತ್ತೇನೆ. ನಾನು ಅವಳನ್ನು ಹೊರಗೆ ಹಾಕಿದ ದಿನದ ಕತೆ. ತಾಯಿಯ ಪಾತ್ರಕ್ಕೆ ಒಬ್ಬರು ಬೇಕು. ನೀನು ಬಾ."

"ನಾನೇ?" ಮಾಂತ್ರಿಕ ನಕ್ಕ. ಅವನನ್ನು ಈವರೆಗೆ ಯಾರೂ ರಂಗಕ್ಕೆ ಕರೆದಿರಲಿಲ್ಲ. ಮೇಲೆ ಹತ್ತಿ ಬಂದ. "ನನ್ನ ಮಾತೇನು?"

"ಒಂದೇ ಮಾತು. ನಾನು ಹಾಡಿ ಮುಗಿಸಿದ ಮೇಲೆ 'ಹೋಗು' ಅನ್ನಬೇಕು."

ಕದಲಲಾಗದ ಕಾಲಿನ ಮೇಲೆ ನಿಂತು, ಅವನ ಮುಖ ನೋಡುತ್ತ ಹೊನ್ನವ್ವ ಹಾಡಿದಳು:

"ನಿನ್ನ ದನಿಯನ್ನೇ ಹೊತ್ತು ಹೊರಟೆನವ್ವಾ, ಅದನ್ನೂ ಇಳಿಸೆಂದು ಹೇಳುವೆಯಾ?"

ಹಾಡುತ್ತಿದ್ದಂತೆ ಅವಳಿಗೆ ಎದೆ ಬಿರಿಯಿತು. ಇಷ್ಟು ವರ್ಷ ತನ್ನ ನೋವನ್ನೇ ಹಾಡಿದ್ದಳು. ಮಗಳ ನೋವು ಇಷ್ಟು ದೊಡ್ಡದೆಂದು ತಿಳಿದಿರಲಿಲ್ಲ.

ಹಾಡು ಮುಗಿಯಿತು. ಶುಷ್ಕಾಕ್ಷ ಬಾಯಿ ತೆರೆದ. 'ಹೋ' ಎಂದ. ಮುಂದಿನ ಅಕ್ಷರ ಬರಲಿಲ್ಲ. ಅವನ ಕಣ್ಣಿನಿಂದ ಒಂದು ಹನಿ ರಂಗದ ಮೇಲೆ ಬಿತ್ತು.

ಅಷ್ಟೇ. ಮಾಯೆ ಕರಗಿತು. ಮೃಗಗಳು ಮನುಷ್ಯರಾದವು, ಬೊಂಬೆಗಳಿಗೆ ಉಸಿರು ಬಂತು, ಹೊನ್ನವ್ವನ ಕಾಲುಗಳಿಗೂ ಜೀವ ಬಂತು. ಮಂತ್ರ ಕಳೆದುಕೊಂಡ ಶುಷ್ಕಾಕ್ಷ ನೆಲದಲ್ಲಿ ಕೂತು ಅಳುತ್ತಲೇ ಇದ್ದ. ಅವನ ಮೇಲೆ ಯಾರೂ ಕೈಯೆತ್ತಲಿಲ್ಲ.

ಮಧುಲತೆ ತಾಯಿಯನ್ನು ದಿಟ್ಟಿಸಿದಳು. "ಅವ್ವಾ, ನೀನು ಬಣ್ಣ ಹಚ್ಚಿದ್ದೀಯಾ?"

"ಹಚ್ಚಿದೆ ಮಗಳೇ. ಅಂದು ನಾನು ಆಡಿದ್ದು ತಪ್ಪು ಮಾತು."

ಮಧುಲತೆ ಹತ್ತಿರ ಬಂದಳು. ಸೆರಗಿನ ತುದಿಯಿಂದ ತಾಯಿಯ ಕೆನ್ನೆ ಒರೆಸಿದಳು. "ಹುಬ್ಬು ಓರೆಯಾಗಿದೆ. ನಾಳೆಯಿಂದ ನಾನು ತಿದ್ದುತ್ತೇನೆ" ಎಂದಳು.

ಮುಂದೆ ಹೊನ್ನವ್ವ ಅದೇ ಮಂಡಳಿಯಲ್ಲಿ ರಾಣಿಯಾದಳು, ಬೆಸ್ತರ ಹೆಂಗಸಾದಳು, ಒಮ್ಮೆ ರಾಕ್ಷಸಿಯೂ ಆದಳು. ತಾಯಿ ಮಗಳು ಒಂದೇ ಕನ್ನಡಿಯ ಮುಂದೆ ಕೂತು ವೇಷ ಕಟ್ಟಿಕೊಳ್ಳುತ್ತ, ಮಂಡಳಿಯವರೆಲ್ಲರ ಜೊತೆ ಬಹುಕಾಲ ನೆಮ್ಮದಿಯಾಗಿ ಬಾಳಿದರು.